ನನ್ನ ಕಾರಿಗೆ ಬಾಡಿಗೆ ಕೇಳಿ: ಬೆಂಗಳೂರಿನ ಪಾಲಿಕೆಗಳಿಗೆ ಒಂದು ಬಹಿರಂಗ ಪತ್ರ

ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಮುಖ್ಯ ಆಯುಕ್ತರಿಗೆ, ಐದೂ ನಗರ ಪಾಲಿಕೆಗಳ ಆಯುಕ್ತರಿಗೆ, ಮತ್ತು ನನ್ನ ಹಾಗೆ ಬೀದಿಯಲ್ಲಿ ಕಾರು ನಿಲ್ಲಿಸುವ ಎಲ್ಲ ಬೆಂಗಳೂರಿನವರಿಗೆ,

ನಮಸ್ಕಾರ.

ಕಳೆದ ಮಳೆಗಾಲದ ಒಂದು ರಾತ್ರಿ ನಮ್ಮ ಎದುರು ಮನೆಯ ತಾತನಿಗೆ ಎದೆ ನೋವು ಬಂತು. ಫೋನ್ ಮಾಡಿದ ಸ್ವಲ್ಪ ಹೊತ್ತಿಗೇ ಆಂಬುಲೆನ್ಸ್ ಬಂತು. ಆದರೆ ನಮ್ಮ ಕ್ರಾಸ್ ಒಳಗೆ ಬರಲು ಅದಕ್ಕೆ ಆಗಲಿಲ್ಲ. ಎರಡೂ ಬದಿಯಲ್ಲಿ ಕಾರುಗಳ ಸಾಲು. ನಡುವೆ ಒಂದು ಆಟೋ ನುಸುಳುವಷ್ಟು ದಾರಿ. ತಿರುವಿನಲ್ಲೇ ಒಂದು ದೊಡ್ಡ ಗಾಡಿ ಮೂತಿ ಹೊರಗೆ ಚಾಚಿ ನಿಂತಿತ್ತು. ಅದು ಯಾರದು ಅಂತ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ನಾಲ್ಕು ಜನ ಸೇರಿ ತಾತನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಛತ್ರಿ ಹಿಡಿದು, ಮೇನ್ ರೋಡ್ ತನಕ ಹೊತ್ತುಕೊಂಡು ಹೋದೆವು. ದೇವರ ದಯೆ, ತಾತ ಉಳಿದರು. ಈಗ ಮತ್ತೆ ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಕಾರುಗಳ ಸಾಲಿನಲ್ಲಿ ನನ್ನ ಕಾರೂ ಇತ್ತು.

ನಮ್ಮದು ಮಲ್ಲೇಶ್ವರದಲ್ಲಿ ಸಣ್ಣ ಮನೆ. ಗೇಟಿನ ಒಳಗೆ ಒಂದು ಸ್ಕೂಟರ್ ಹಿಡಿಯುತ್ತದೆ, ಕಾರು ಹಿಡಿಯುವುದಿಲ್ಲ. ಒಂಬತ್ತು ವರ್ಷದ ಹಿಂದೆ ಕಾರು ತಗೊಂಡಾಗ ಅದನ್ನು ಎಲ್ಲಿ ನಿಲ್ಲಿಸ್ತೀಯ ಅಂತ ನನ್ನನ್ನು ಯಾರೂ ಕೇಳಲಿಲ್ಲ. ಶೋರೂಮಿನವರೂ ಕೇಳಲಿಲ್ಲ, ಸಾಲ ಕೊಟ್ಟವರೂ ಕೇಳಲಿಲ್ಲ, ನೋಂದಣಿ ಮಾಡಿದವರೂ ಕೇಳಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಕೇಳಿಕೊಳ್ಳಲಿಲ್ಲ. ಬೀದಿ ಇದೆಯಲ್ಲ, ನಿಲ್ಲಿಸಿದರಾಯಿತು ಅಂದುಕೊಂಡೆ. ಈ ಒಂಬತ್ತು ವರ್ಷವೂ ನನ್ನ ಕಾರು ಈ ಊರಿನ ಜಾಗದಲ್ಲಿ ಮಲಗಿದೆ. ಒಂದು ರೂಪಾಯಿ ಬಾಡಿಗೆಯನ್ನೂ ನಾನು ಕಟ್ಟಿಲ್ಲ.

ಈ ಪತ್ರದಲ್ಲಿ ನಾನು ಕೇಳುವುದು ಒಂದೇ. ಆ ಬಾಡಿಗೆಯನ್ನು ನನ್ನಿಂದ ತಗೊಳ್ಳಿ. ನನ್ನ ಹಾಗೆ ಇರುವ ಎಲ್ಲರಿಂದಲೂ ತಗೊಳ್ಳಿ. ಬಂದ ದುಡ್ಡನ್ನು ಅದೇ ಬೀದಿಗೆ ಹಾಕಿ, ನಮ್ಮ ಕಣ್ಣಿಗೆ ಕಾಣುವ ಹಾಗೆ.

ಮಲ್ಲೇಶ್ವರ ಹಳೇ ಬಡಾವಣೆ. 1898ರ ಪ್ಲೇಗ್ ಆದಮೇಲೆ ಪೇಟೆಯ ಇಕ್ಕಟ್ಟಿನಿಂದ ಹೊರಗೆ ಬಂದ ಜನ ಇಲ್ಲಿ ಮನೆ ಕಟ್ಟಿಕೊಂಡರು. ಆಗ ಹಾಕಿದ ಬೀದಿಗಳು ಜಟಕಾಗಾಡಿಗೆ, ನಡೆಯುವವರಿಗೆ, ಸೈಕಲ್ಲಿಗೆ ಸಾಕಾಗಿದ್ದವು. ಇವತ್ತೂ ಬೀದಿ ಅಷ್ಟೇ ಅಗಲ ಇದೆ. ಮನೆಗಳು ಮಾತ್ರ ನಾಲ್ಕು ಮಹಡಿ ಆಗಿವೆ, ಮಹಡಿಗೊಂದು ಕಾರು ಬಂದಿದೆ. ಇಡೀ ಬೆಂಗಳೂರಿನಲ್ಲಿ ನೋಂದಣಿಯಾದ ಗಾಡಿಗಳು ಒಂದು ಕೋಟಿ ದಾಟಿ ಸುಮಾರು ದಿನವಾಯಿತು. ಕಾರು ದಿನಕ್ಕೆ ಒಂದೋ ಎರಡೋ ಗಂಟೆ ಓಡುತ್ತದೆ, ಉಳಿದ ಹೊತ್ತು ನಿಂತೇ ಇರುತ್ತದೆ. ಟ್ರಾಫಿಕ್ ಅಂದರೆ ನಾವು ಯಾವಾಗಲೂ ಓಡುವ ಗಾಡಿಗಳ ಬಗ್ಗೆ ಮಾತಾಡುತ್ತೇವೆ. ಫ್ಲೈಓವರ್, ಸುರಂಗ, ರಸ್ತೆ ಅಗಲ ಮಾಡುವುದು, ಎಲ್ಲವೂ ಓಡುವ ಗಾಡಿಗೇ. ನಿಂತ ಗಾಡಿ ಎಷ್ಟು ರಸ್ತೆ ತಿನ್ನುತ್ತದೆ ಅಂತ ಯಾರೂ ಲೆಕ್ಕ ಹಾಕುವುದಿಲ್ಲ.

ಒಂದು ಕಾರು ನಿಲ್ಲಲು ಸುಮಾರು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಬೇಕು. ಅಂದರೆ ಹತ್ತಿರ ಹತ್ತಿರ 135 ಚದರ ಅಡಿ. ಸಂಪಿಗೆ ರಸ್ತೆಯಲ್ಲಿ ಅಷ್ಟು ಜಾಗದ ಅಂಗಡಿಗೆ ಬಾಡಿಗೆ ಎಷ್ಟು ಅಂತ ಯಾವ ಬ್ರೋಕರ್‌ನನ್ನು ಬೇಕಾದರೂ ಕೇಳಿ. ಅದೇ ಅಂಗಡಿಯ ಎದುರು, ಅದೇ ಅಳತೆಯ ರಸ್ತೆ, ಕಾರಿಗೆ ಪುಕ್ಕಟೆ.

ಈಗ 8ನೇ ಕ್ರಾಸ್‌ಗೆ ಬನ್ನಿ. ಗೌರಿ ಹಬ್ಬದ ಹಿಂದಿನ ದಿನ ಬೇಕಾಗಿಲ್ಲ, ಸಾಧಾರಣ ಶನಿವಾರ ಸಂಜೆ ಬಂದರೂ ಸಾಕು. ಹೂವಿನವರು, ಹಣ್ಣಿನವರು, ಬಳೆ ಅಂಗಡಿ, ಸೀರೆ ಅಂಗಡಿ, ಎಲ್ಲ ತುಂಬಿರುತ್ತವೆ. ಕಾರಿನಲ್ಲಿ ಬಂದವರು ಜಾಗ ಹುಡುಕುತ್ತಾ ಸಂಪಿಗೆ ರಸ್ತೆಯಲ್ಲಿ ಒಂದು ಸಲ ಹೋಗುತ್ತಾರೆ. ಸಿಗಲಿಲ್ಲ. ಒನ್ ವೇ ಆದ್ದರಿಂದ ಸುತ್ತಿ ಮಾರ್ಗೋಸಾ ರಸ್ತೆಯಲ್ಲಿ ವಾಪಸ್. ಮತ್ತೆ ಸಂಪಿಗೆ ರಸ್ತೆ. ಮನೆಯವರನ್ನು ಅಂಗಡಿ ಮುಂದೆ ಇಳಿಸಿ, 'ನೀವು ತಗೊಳ್ತಿರಿ, ನಾನು ಒಂದು ಸುತ್ತು ಹೊಡೆದು ಬರ್ತೀನಿ' ಅನ್ನುತ್ತಾರೆ. ನಾನೇ ಎಷ್ಟೋ ಸಲ ಹೀಗೆ ಮಾಡಿದ್ದೇನೆ. ಒಂದು ಸಲ ಅರ್ಧ ಕೆಜಿ ಮೈಸೂರು ಪಾಕಿಗಾಗಿ ಐದು ಸುತ್ತು ಸುತ್ತಿದ್ದೆ.

ಜಾಗ ಹುಡುಕುವ ಕಾರು ಹೇಗೆ ಓಡುತ್ತದೆ ಅಂತ ಗಮನಿಸಿದ್ದೀರಾ? ಅದು ಎಡಗಡೆ ನೋಡುತ್ತಾ ತೆವಳುತ್ತದೆ. ಯಾರೋ ಕಾರಿನ ಬಾಗಿಲು ತೆಗೆದರೆ ತಕ್ಷಣ ಬ್ರೇಕ್ ಹಾಕಿ, ಇವರು ಹೊರಡ್ತಾರಾ ಅಂತ ಕಾಯುತ್ತದೆ. ಹಿಂದೆ ಬಿಎಂಟಿಸಿ ಬಸ್ಸು ನಿಲ್ಲುತ್ತದೆ. ಬಸ್ಸಿನ ಒಳಗೆ ಅರವತ್ತು ಜನ. ಒಬ್ಬರ ಹುಡುಕಾಟಕ್ಕೆ ಅರವತ್ತು ಜನ ಕಾಯಬೇಕು. ಮುಂದೆ ಬಸ್‌ಸ್ಟಾಪ್ ಬಂದರೆ ಅಲ್ಲೂ ನಾಲ್ಕು ಕಾರು ನಿಂತಿರುತ್ತವೆ. ಬಸ್ಸು ಪಕ್ಕಕ್ಕೆ ಬರಲಾರದೆ ನಡು ರಸ್ತೆಯಲ್ಲೇ ನಿಲ್ಲುತ್ತದೆ. ಕೈಯಲ್ಲಿ ಚೀಲ ಹಿಡಿದ ಅಜ್ಜಿ ಕಾರುಗಳ ಸಂದಿಯಿಂದ ರಸ್ತೆಗಿಳಿದು, ಸ್ಕೂಟರುಗಳನ್ನು ತಪ್ಪಿಸಿಕೊಂಡು ಬಸ್ ಹತ್ತಬೇಕು. ಫುಟ್‌ಪಾತ್ ಮೇಲಿಂದ ಹೋಗೋಣ ಎಂದರೆ ಅಲ್ಲಿ ಬೈಕುಗಳು. ನಮ್ಮೂರಿನ ಬಸ್ಸು ಯಾಕೆ ನಿಧಾನ ಅಂತ ಕೇಳುವವರು ಒಮ್ಮೆ ಬಸ್‌ಸ್ಟಾಪಿನಲ್ಲಿ ಅರ್ಧ ಗಂಟೆ ನಿಂತು ನೋಡಬೇಕು.

2024ರಲ್ಲಿ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ 34 ನಿಮಿಷ 10 ಸೆಕೆಂಡ್ ಬೇಕಾಯಿತು ಎಂದು ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯ ಲೆಕ್ಕ ಹೇಳಿತು. ಅದರಲ್ಲಿ ಎಷ್ಟು ಪಾಲು ಈ ಹುಡುಕಾಟದ್ದು ಅಂತ ನಮ್ಮ ಊರಿನಲ್ಲಿ ಬೀದಿ ಬೀದಿಗೂ ಎಣಿಸಬೇಕು. ಬೇರೆ ಕಡೆ ಎಣಿಸಿದವರು ಇದ್ದಾರೆ. ಕ್ಯಾಲಿಫೋರ್ನಿಯಾದ ಪ್ರೊಫೆಸರ್ ಡೊನಾಲ್ಡ್ ಶೂಪ್ ತಮ್ಮ ಜೀವನದ ಬಹುಪಾಲನ್ನು ಪಾರ್ಕಿಂಗ್ ಬಗ್ಗೆ ಓದುವುದರಲ್ಲೇ ಕಳೆದರು. 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. 1980ರ ದಶಕದಲ್ಲಿ ಅವರು ಲಾಸ್ ಏಂಜಲಿಸ್‌ನ ವೆಸ್ಟ್‌ವುಡ್ ಎಂಬ ಪೇಟೆಯಲ್ಲಿ ಈ ಹುಡುಕಾಟವನ್ನು ಅಳೆದರು. ಅಲ್ಲಿ ಒಬ್ಬೊಬ್ಬರು ಹುಡುಕಿದ್ದು ಬರೀ ಮೂರು ನಿಮಿಷದ ಆಚೀಚೆ. ಕೇಳಿದರೆ ಏನೂ ಅಲ್ಲ ಅನ್ನಿಸುತ್ತದೆ. ಆದರೆ ಎಲ್ಲರದ್ದೂ ಕೂಡಿಸಿದರೆ, ಆ ಸಣ್ಣ ಪೇಟೆಯಲ್ಲಿ ಮಾತ್ರ ವರ್ಷಕ್ಕೆ ಸುಮಾರು 15 ಲಕ್ಷ ಕಿಲೋಮೀಟರ್ ಸುಮ್ನೆ ಓಡಾಟ. ಭೂಮಿಯನ್ನು 38 ಸಲ ಸುತ್ತಿದಷ್ಟು. ಕಾರಣವೂ ಸರಳ. ಅಲ್ಲಿ ರಸ್ತೆ ಬದಿಯ ಜಾಗ ಅಗ್ಗ, ಪಕ್ಕದ ಪಾರ್ಕಿಂಗ್ ಕಟ್ಟಡ ದುಬಾರಿ. ಅಗ್ಗದ ಜಾಗಕ್ಕಾಗಿ ಜನ ಸುತ್ತುತ್ತಲೇ ಇದ್ದರು.

'ಪುಗಸಟ್ಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು' ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಅದೇ ಮಾತು ಇಲ್ಲೂ ನಿಜ.

ಶೂಪ್ ಹೇಳಿದ ಪರಿಹಾರ ಯಾರಿಗಾದರೂ ಅರ್ಥವಾಗುವಂಥದ್ದು. ಒಂದು ಬೀದಿಯಲ್ಲಿ ಯಾವಾಗ ಬಂದರೂ ಒಂದೋ ಎರಡೋ ಜಾಗ ಖಾಲಿ ಇರಬೇಕು. ಅಷ್ಟು ಖಾಲಿ ಇರುವ ಹಾಗೆ ದರ ಇಡಿ. ಪೂರ್ತಿ ತುಂಬಿದ್ದರೆ ದರ ಕಡಿಮೆಯಾಗಿದೆ ಅಂತ ಅರ್ಥ. ಅರ್ಧಕ್ಕರ್ಧ ಖಾಲಿ ಬಿದ್ದಿದ್ದರೆ ದರ ಜಾಸ್ತಿಯಾಗಿದೆ ಅಂತ ಅರ್ಥ. ಇಲ್ಲಿ ದರ ಇಡುವುದು ಖಜಾನೆ ತುಂಬಿಸುವುದಕ್ಕಲ್ಲ, ಆ ಖಾಲಿ ಜಾಗ ಉಳಿಸುವುದಕ್ಕೆ. ಔಷಧಿ ತರಲು ಬಂದವನಿಗೆ ಮೊದಲ ಸುತ್ತಿನಲ್ಲೇ ಜಾಗ ಸಿಗುತ್ತದೆ. ಹತ್ತು ನಿಮಿಷಕ್ಕೆ ಹತ್ತು ರೂಪಾಯಿ ಕೊಟ್ಟು ಹೊರಡುತ್ತಾನೆ. ಇಡೀ ಸಂಜೆ ತಿರುಗಾಡಲು ಬರುವವನು ಮೆಟ್ರೋದಲ್ಲಿ ಬರೋಣ ಅಂತ ಯೋಚಿಸುತ್ತಾನೆ. ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ಸ್ಟೇಷನ್ 2014ರಿಂದಲೂ ಇಲ್ಲೇ ಇದೆ.

ಮೆಟ್ರೋ ಅಂದ ಕೂಡಲೇ ಇನ್ನೊಂದು ಮಾತು ಹೇಳಬೇಕು. ಇದು ನನಗೆ ಬಹಳ ದಿನದಿಂದ ಕೊರೆಯುತ್ತಿದೆ. 2025ರ ಜನವರಿಯಲ್ಲಿ ಬಸ್ ದರ ಏರಿತು. ಫೆಬ್ರುವರಿಯಲ್ಲಿ ಮೆಟ್ರೋ ದರ ಏರಿ, ದೂರದ ಟಿಕೆಟ್ 90 ರೂಪಾಯಿಗೆ ಮುಟ್ಟಿತು. ಆಗಸ್ಟ್‌ನಲ್ಲಿ ಆಟೋ ಮಿನಿಮಮ್ 36 ರೂಪಾಯಿ ಆಯಿತು. ಮೆಟ್ರೋ ಸ್ಟೇಷನ್ನಿನಲ್ಲಿ ಸ್ಕೂಟರ್ ಬಿಟ್ಟು ರೈಲು ಹತ್ತುವವರೂ ಪಾರ್ಕಿಂಗ್‌ಗೆ ದುಡ್ಡು ಕೊಡುತ್ತಾರೆ. ಒಂದೇ ವರ್ಷದಲ್ಲಿ, ಕಾರು ಬಿಟ್ಟು ಬರುವ ಎಲ್ಲರ ಜೇಬಿಗೂ ಕೈ ಹಾಕಿದ್ದಾಯಿತು. ಆಫೀಸಿನ ಪಕ್ಕದ ರಸ್ತೆಯಲ್ಲಿ ಬೆಳಿಗ್ಗೆಯಿಂದ ಸಂಜೆ ತನಕ ಕಾರು ನಿಲ್ಲಿಸುವವನಿಗೆ ಮಾತ್ರ ಸೊನ್ನೆ ಬಿಲ್ಲು. ಯಾವುದು ಅಗ್ಗವೋ ಜನ ಅದನ್ನೇ ಮಾಡುತ್ತಾರೆ. ಅದು ಜನರ ತಪ್ಪಲ್ಲ.

ಇದೆಲ್ಲ ಹೊಸ ವಿಷಯ ಅಂತ ನಾನು ಹೇಳುತ್ತಿಲ್ಲ. ನಿಮ್ಮ ಕಪಾಟಿನಲ್ಲೇ ಇದೆ. ಕೇಂದ್ರ ಸರ್ಕಾರದ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ, ಪಾರ್ಕಿಂಗ್ ಶುಲ್ಕ ಆ ನೆಲದ ನಿಜವಾದ ಬೆಲೆಗೆ ತಕ್ಕ ಹಾಗೆ ಇರಬೇಕು ಎಂದು ಬರೆದಿಟ್ಟಿದೆ. ನಮ್ಮದೇ ನಗರ ಭೂ ಸಾರಿಗೆ ನಿರ್ದೇಶನಾಲಯ ಬೆಂಗಳೂರಿಗಾಗಿ ಪಾರ್ಕಿಂಗ್ ನೀತಿ 2.0 ಮಾಡಿತು. 2021ರ ಆರಂಭದಲ್ಲಿ ರಾಜ್ಯ ಸರ್ಕಾರ ಅದಕ್ಕೆ ಒಪ್ಪಿಗೆಯನ್ನೂ ಕೊಟ್ಟಿತು. ಪುಕ್ಕಟೆ ಪಾರ್ಕಿಂಗ್ ಹಂತ ಹಂತವಾಗಿ ನಿಲ್ಲಬೇಕು, ಪ್ರದೇಶಕ್ಕೆ ತಕ್ಕ ಪಾರ್ಕಿಂಗ್ ಯೋಜನೆ ಆಗಬೇಕು, ಮನೆಗಳಿರುವ ಬೀದಿಯಲ್ಲಿ ಕಾರು ನಿಲ್ಲಿಸಲು ಪರ್ಮಿಟ್ ತಗೊಳ್ಳಬೇಕು ಅಂತ ಅದರಲ್ಲಿದೆ. ಸಣ್ಣ ಕಾರಿಗೆ ವರ್ಷಕ್ಕೆ 1,000 ರೂಪಾಯಿ, ದೊಡ್ಡದಕ್ಕೆ 5,000 ರೂಪಾಯಿ ಅಂತ ಸೂಚಿಸಿದ್ದರು. ಆ ಸುದ್ದಿ ಬಂದಾಗ ಎಷ್ಟು ಗಲಾಟೆ ಆಯಿತು! ನಾನೂ ಆಗ ಗೊಣಗಿದ್ದೆ. ಈಗ ಕೂತು ಲೆಕ್ಕ ಹಾಕಿದರೆ, ನನ್ನ ಸಣ್ಣ ಕಾರಿಗೆ ದಿನಕ್ಕೆ ಮೂರು ರೂಪಾಯಿಯೂ ಆಗುವುದಿಲ್ಲ. ಅರ್ಧ ಲೋಟ ಕಾಫಿಯೂ ಬರದ ದುಡ್ಡು. ನನ್ನ ಸ್ನೇಹಿತನೊಬ್ಬ ಪಕ್ಕದ ಬಡಾವಣೆಯಲ್ಲಿ ಯಾರದೋ ಖಾಲಿ ಸೈಟಿನಲ್ಲಿ ಕಾರು ಬಿಡಲು ತಿಂಗಳಿಗೆ ಎರಡು ಸಾವಿರ ಕೊಡುತ್ತಾನೆ. ಜಾಗದ ನಿಜವಾದ ಬೆಲೆ ಅದು.

ನೀತಿ ಬಂದು ಇಷ್ಟು ವರ್ಷವಾಯಿತು. ನಮ್ಮ ಬೀದಿಯಲ್ಲಿ ಒಂದು ಪರ್ಮಿಟ್ ಕೂಡ ಕಂಡಿಲ್ಲ. ನಗರದ ನಡುವಿನ ಕೆಲವು ರಸ್ತೆಗಳಲ್ಲಿ ಮೀಟರ್ ಹಾಕಿದ ಸ್ಮಾರ್ಟ್ ಪಾರ್ಕಿಂಗ್ ಬಂತು. ಒಳ್ಳೆಯ ಕೆಲಸ. ಆದರೆ ಅದು ಅಲ್ಲಿಗೇ ನಿಂತ ಹಾಗಿದೆ. ಒಂದು ರಸ್ತೆಯಲ್ಲಿ ದುಡ್ಡು, ಪಕ್ಕದ ರಸ್ತೆಯಲ್ಲಿ ಪುಕ್ಕಟೆ ಎಂದರೆ ಗಾಡಿಗಳು ಪಕ್ಕದ ರಸ್ತೆಗೆ ಹೋಗುತ್ತವೆ ಅಷ್ಟೇ. ಅದಕ್ಕೇ ಇಡೀ ಪ್ರದೇಶವನ್ನು ಒಟ್ಟಿಗೆ ತಗೊಳ್ಳಬೇಕು ಅನ್ನುವುದು.

ಕಟ್ಟಡ ಕಟ್ಟಿಬಿಡೋಣ, ಪಾರ್ಕಿಂಗ್ ಸಮಸ್ಯೆ ತೀರುತ್ತದೆ ಅಂತ ಬಹಳ ಜನ ಹೇಳುತ್ತಾರೆ. ಫ್ರೀಡಂ ಪಾರ್ಕ್ ಹತ್ತಿರ ಕಟ್ಟಿದ್ದೇವಲ್ಲ. 556 ಕಾರು, 445 ಬೈಕ್ ಹಿಡಿಯುವ ಬಹುಮಹಡಿ ಕಟ್ಟಡ. ಸುಮಾರು 80 ಕೋಟಿ ರೂಪಾಯಿ ಖರ್ಚು. ಬೈಕುಗಳ ಪಾಲು ಕಳೆದರೂ ಕಾರೊಂದರ ಜಾಗಕ್ಕೆ ಹತ್ತು ಲಕ್ಷಕ್ಕಿಂತ ಜಾಸ್ತಿ ಬೀಳುತ್ತದೆ. ಅದರಲ್ಲಿ ನೆಲದ ಬೆಲೆ ಸೇರಿಲ್ಲ. ಕಟ್ಟಿ ಮುಗಿಸಿದ ಮೇಲೂ ವರ್ಷಗಟ್ಟಲೆ ಬಾಗಿಲು ಮುಚ್ಚಿತ್ತು. 2024ರ ಜೂನ್‌ನಲ್ಲಿ ತೆರೆದಾಗಲೂ ಶುರುವಿನಲ್ಲಿ ಬಂದ ಗಾಡಿಗಳು ಕಡಿಮೆ. ಯಾಕೆ ಬರಬೇಕು ಹೇಳಿ? ಗಾಂಧಿನಗರದ ಬೀದಿಗಳಲ್ಲಿ ಅಂಗಡಿಯ ಎದುರೇ ಪುಕ್ಕಟೆ ನಿಲ್ಲಿಸಬಹುದಾದರೆ, ದುಡ್ಡು ಕೊಟ್ಟು, ರ‍್ಯಾಂಪ್ ಹತ್ತಿ, ಮತ್ತೆ ಇಳಿದು, ಅಷ್ಟು ದೂರ ಯಾರು ನಡೆಯುತ್ತಾರೆ? ಆ ಕಟ್ಟಡದ ಮೇಲೆ ನನಗೆ ಕೋಪವಿಲ್ಲ. ಮೊದಲು ರಸ್ತೆಗೆ ದರ ಇಟ್ಟಿದ್ದರೆ ಅದು ಮೊದಲ ದಿನದಿಂದಲೇ ತುಂಬುತ್ತಿತ್ತು. ದಯವಿಟ್ಟು ಇನ್ನೊಂದು ಕಟ್ಟಡಕ್ಕೆ ಟೆಂಡರ್ ಕರೆಯುವ ಮೊದಲು ಅದರ ಸುತ್ತಲಿನ ಬೀದಿಗಳಿಗೆ ದರ ಇಡಿ. ಆಮೇಲೂ ಜಾಗ ಸಾಲದಿದ್ದರೆ ಕಟ್ಟಡದ ಮಾತು ಆಡೋಣ. ನನಗನ್ನಿಸುವ ಮಟ್ಟಿಗೆ ಬಹಳ ಕಡೆ ಬೇಕಾಗುವುದಿಲ್ಲ.

ಅಂಗಡಿಯವರ ಭಯ ನನಗೆ ಗೊತ್ತು. ನಮ್ಮ ಚಿಕ್ಕಪ್ಪನದೂ ಸ್ಟೇಷನರಿ ಅಂಗಡಿ. ಪಾರ್ಕಿಂಗ್‌ಗೆ ದುಡ್ಡು ಅಂದರೆ ಗಿರಾಕಿ ಮಾಲ್‌ಗೆ ಹೋಗ್ತಾನೆ ಕಣೋ ಅನ್ನುತ್ತಾರೆ. ಒಂದು ಶನಿವಾರ ನಾನು ಅವರ ಅಂಗಡಿಯಲ್ಲೇ ಕೂತು ಎದುರಿನ ರಸ್ತೆಯನ್ನು ನೋಡಿದೆ. ಬೆಳಿಗ್ಗೆ ಹತ್ತಕ್ಕೆ ಬಂದು ನಿಂತ ಒಂದು ಬಿಳಿ ಕಾರು ಸಂಜೆ ನಾನು ಎದ್ದಾಗಲೂ ಅಲ್ಲೇ ಇತ್ತು. ಅದು ಪಕ್ಕದ ಅಂಗಡಿಯ ಯಜಮಾನರದು. ಅದರ ಹಿಂದಿನದು ಎದುರು ಬ್ಯಾಂಕಿನಲ್ಲಿ ಕೆಲಸ ಮಾಡುವವರದು. ಬೈಕುಗಳಲ್ಲಿ ಅರ್ಧಕ್ಕರ್ಧ ಅಂಗಡಿಗಳಲ್ಲಿ ಕೆಲಸ ಮಾಡುವ ಹುಡುಗರದು. ಗಿರಾಕಿಗಳು ಬಂದು, ಜಾಗ ಕಾಣದೆ, ಕಿಟಕಿಯಿಂದ ಒಮ್ಮೆ ಇಣುಕಿ ಮುಂದೆ ಹೋಗುತ್ತಿದ್ದರು. ಬಿಳಿ ಕಾರು ನಿಂತ ಅದೇ ಜಾಗದಲ್ಲಿ ಅರ್ಧರ್ಧ ಗಂಟೆಗೊಬ್ಬರಂತೆ ನಿಲ್ಲಿಸಿದ್ದರೆ ಆ ದಿನ ಹದಿನೈದು ಗಿರಾಕಿಗಳು ಬಂದು ಹೋಗಬಹುದಿತ್ತು. ಚಿಕ್ಕಪ್ಪನಿಗೆ ಇದನ್ನು ತೋರಿಸಿದೆ. ಅವರು ಮಾತಾಡಲಿಲ್ಲ, ಆದರೆ ಮರುದಿನದಿಂದ ತಮ್ಮ ಸ್ಕೂಟರನ್ನು ಹಿಂದಿನ ಲೇನ್‌ನಲ್ಲಿ ನಿಲ್ಲಿಸುತ್ತಿದ್ದಾರೆ.

ಲಾಸ್ ಏಂಜಲಿಸ್ ಹತ್ತಿರ ಪ್ಯಾಸಡೀನಾ ಅಂತ ಒಂದು ಊರು. ಅದರ ಹಳೇ ಪೇಟೆ ಒಂದು ಕಾಲಕ್ಕೆ ಹಾಳು ಬಿದ್ದಿತ್ತು. 1993ರಲ್ಲಿ ಅಲ್ಲಿ ಪಾರ್ಕಿಂಗ್ ಮೀಟರ್ ಹಾಕಲು ಹೊರಟಾಗ ಅಂಗಡಿಯವರು ನಮ್ಮ ಚಿಕ್ಕಪ್ಪನ ಹಾಗೆಯೇ ಬೇಡ ಎಂದರು. ಆಗ ನಗರಸಭೆ ಒಂದು ಮಾತು ಕೊಟ್ಟಿತು. ಮೀಟರಿನಿಂದ ಬಂದ ದುಡ್ಡೆಲ್ಲ ಈ ಪೇಟೆಗೇ ಖರ್ಚು ಮಾಡುತ್ತೇವೆ ಎಂದಿತು. ಅಂಗಡಿಯವರು ಒಪ್ಪಿದರು. ಆ ದುಡ್ಡಿನಲ್ಲಿ ಫುಟ್‌ಪಾತ್ ಹೊಸದಾಯಿತು, ಮರ ನೆಟ್ಟರು, ದೀಪ ಹಾಕಿದರು, ಹಿಂದಿನ ಕೊಳಕು ಗಲ್ಲಿಗಳು ನಡೆಯುವ ದಾರಿಗಳಾದವು. ಜನ ಬರುವುದು ಹೆಚ್ಚಾಯಿತು. ಮೀಟರ್‌ಗೆ ಹಾಕಿದ ದುಡ್ಡು ಕಣ್ಣೆದುರೇ ಕಲ್ಲು, ದೀಪ, ನೆರಳು ಆಗಿ ಕಾಣಿಸಿದರೆ ಯಾರೂ ಅದನ್ನು ದಂಡ ಅಂದುಕೊಳ್ಳುವುದಿಲ್ಲ.

ನಮ್ಮಲ್ಲಿ ಜನ ಪಾರ್ಕಿಂಗ್ ಶುಲ್ಕಕ್ಕೆ ಹೆದರುವುದು ಈ ಕಾರಣಕ್ಕೇ. ದುಡ್ಡು ಎಲ್ಲಿ ಹೋಗುತ್ತದೆ ಅಂತ ಯಾರಿಗೂ ನಂಬಿಕೆ ಇಲ್ಲ. ಆ ಅಪನಂಬಿಕೆಗೆ ಕಾರಣವೂ ಇದೆ. ಕಳೆದ ವರ್ಷ ಒಂದು ಜಾತ್ರೆಗೆ ಹೋದಾಗ ಸಾರ್ವಜನಿಕ ರಸ್ತೆಯಲ್ಲಿ ಸೀಟಿ ಹಿಡಿದ ಒಬ್ಬ ಹುಡುಗ ಬಂದು ಐವತ್ತು ರೂಪಾಯಿ ಕೇಳಿದ. ರಸೀದಿ ಕೊಡು ಎಂದರೆ, 'ರಸೀದಿ ಇಲ್ಲ ಸಾರ್, ಗಾಡಿ ನೋಡ್ಕೋತೀನಿ' ಅಂದ. ಕೊಟ್ಟೆ. ಕೊಡದಿದ್ದರೆ ಗಾಡಿಗೆ ಗೀರು ಬೀಳುತ್ತೆ ಅನ್ನುವ ಭಯ. ಅಂದರೆ ನಾವು ಈಗಲೂ ಪಾರ್ಕಿಂಗ್‌ಗೆ ದುಡ್ಡು ಕೊಡುತ್ತಿದ್ದೇವೆ. ಅದು ಊರಿಗೆ ಸೇರುತ್ತಿಲ್ಲ ಅಷ್ಟೇ. ತರಕಾರಿ ಗಾಡಿಯವರೂ ಯುಪಿಐ ತಗೊಳ್ಳುವ ಊರು ಇದು. ಕೈಯಲ್ಲಿ ನೋಟು ಎಣಿಸುವ ವ್ಯವಸ್ಥೆಯೇ ಬೇಡ. ಫೋನಿನಲ್ಲಿ ಕಟ್ಟಲಿ, ಫೋನ್ ಇಲ್ಲದವರಿಗೆ ಬೀದಿಗೊಂದು ಯಂತ್ರ ಇರಲಿ. ಪ್ರತಿ ಬೀದಿಯಲ್ಲಿ ಒಂದು ಬೋರ್ಡ್ ಹಾಕಿ. ಈ ತಿಂಗಳು ಈ ಬೀದಿಯಿಂದ ಬಂದದ್ದು ಇಷ್ಟು, ಅದರಲ್ಲಿ ಈ ಬೀದಿಗೆ ಖರ್ಚಾದದ್ದು ಇಷ್ಟು ಅಂತ ಕನ್ನಡದಲ್ಲಿ ದೊಡ್ಡದಾಗಿ ಬರೆಯಿರಿ.

ಎಷ್ಟು ದರ ಇಡಬೇಕು? ಈ ಪ್ರಶ್ನೆಗೆ ಉತ್ತರ ವಿಧಾನಸೌಧದಲ್ಲಿ ಕೂತು ಹುಡುಕಬೇಡಿ, ಬೀದಿಯಲ್ಲಿ ಎಣಿಸಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2011ರಿಂದ 2013ರ ತನಕ ಹೀಗೆ ಮಾಡಿ ನೋಡಿದರು. ಪ್ರತಿ ಬೀದಿಯೂ ಎಷ್ಟು ತುಂಬುತ್ತದೆ ಅಂತ ಅಳೆದು, ಕೆಲವು ವಾರಕ್ಕೊಮ್ಮೆ ದರವನ್ನು ಸ್ವಲ್ಪ ಏರಿಸುವುದು, ಇಲ್ಲವೇ ಇಳಿಸುವುದು. ಬೆಳಿಗ್ಗೆ ಒಂದು ದರ, ಮಧ್ಯಾಹ್ನ ಒಂದು ದರ. ಎಲ್ಲರೂ ಏರಿಕೆ ಆಗುತ್ತದೆ ಅಂದುಕೊಂಡಿದ್ದರು. ಕೊನೆಗೆ ನೋಡಿದರೆ ಮೀಟರಿನ ಸರಾಸರಿ ದರ ಮೊದಲಿಗಿಂತ ಸ್ವಲ್ಪ ಇಳಿದಿತ್ತು. ತುಂಬಿದ ಬೀದಿಯಲ್ಲಿ ಏರಿದರೂ, ಖಾಲಿ ಬೀದಿಗಳಲ್ಲಿ ಇಳಿದಿತ್ತು. ಆ ಪ್ರದೇಶಗಳಲ್ಲಿ ಜಾಗಕ್ಕಾಗಿ ಸುತ್ತುವ ಓಡಾಟ ಸುಮಾರು ಶೇಕಡಾ 30ರಷ್ಟು ಕಡಿಮೆಯಾಯಿತು. ನಮ್ಮಲ್ಲಿ ಒಮ್ಮೆ ದರ ಬರೆದರೆ ಹತ್ತು ವರ್ಷ ಅದೇ ಇರುತ್ತದೆ, ಚಿಕ್ಕಪೇಟೆಗೂ ಅದೇ, ಊರಾಚೆಯ ಬಡಾವಣೆಗೂ ಅದೇ. ಹಾಗಾಗಬಾರದು. ಚಿಕ್ಕಪೇಟೆಯಲ್ಲಿ ಸಂಜೆ ಗಂಟೆಗೆ ನೂರು ರೂಪಾಯಿ ಬೇಕಾಗಬಹುದು. ನಮ್ಮ 15ನೇ ಕ್ರಾಸ್‌ನಲ್ಲಿ ಮಂಗಳವಾರ ಮಧ್ಯಾಹ್ನ ಹತ್ತು ರೂಪಾಯಿ ಸಾಕಾಗಬಹುದು.

ಇದು ಬಡವರ ಮೇಲೆ ಹೊರೆ ಅಂತ ಹೇಳುವವರಿಗೂ ಒಂದು ಮಾತು. ನಮ್ಮ 8ನೇ ಕ್ರಾಸ್‌ನಲ್ಲಿ ಸೊಪ್ಪು ಮಾರುವ ಅಮ್ಮ ಕೂರುವುದು ಒಂದು ಗೋಣಿಚೀಲದಷ್ಟು ಜಾಗದಲ್ಲಿ. ಬೀದಿ ವ್ಯಾಪಾರಿಗಳಿಗಾಗಿ 2014ರಲ್ಲಿ ಕಾನೂನೇ ಬಂದಿದೆ. ಆದರೂ ರಸ್ತೆಗೆ ಅಡ್ಡ ಅಂತ ಮೊದಲು ಎಬ್ಬಿಸುವುದು ಅವರನ್ನೇ. ಅವರ ಪಕ್ಕದಲ್ಲಿ ನಿಂತ ಕಾರು ಅವರಿಗಿಂತ ಹತ್ತುಪಟ್ಟು ಜಾಗ ಹಿಡಿದಿದೆ. ಅದನ್ನು ಯಾರೂ ಏಳು ಅನ್ನುವುದಿಲ್ಲ. ಈ ಊರಿನಲ್ಲಿ ಕಾರು ಇಲ್ಲದ ಮನೆಗಳೇ ಜಾಸ್ತಿ. ಬಸ್ಸಿನಲ್ಲಿ ಹೋಗುವವರು, ನಡೆಯುವವರು ತಮ್ಮ ಪಾಲಿನ ರಸ್ತೆಯನ್ನು ನಮ್ಮ ಕಾರುಗಳಿಗೆ ಬಿಟ್ಟುಕೊಟ್ಟು ಕೂತಿದ್ದಾರೆ. ಹೊರೆ ಯಾರ ಮೇಲಿದೆ ಅಂತ ಈಗ ಹೇಳಿ. ಅಂಗವಿಕಲರಿಗೆ ಹತ್ತಿರದ ಜಾಗ ಮೀಸಲಿಡಿ, ಅವರಿಂದ ಏನೂ ತಗೊಳ್ಳಬೇಡಿ. ಆಟೋದವರಿಗೆ ಸ್ಟ್ಯಾಂಡ್ ಕೊಡಿ. ಸಾಮಾನು ಇಳಿಸುವ ಗಾಡಿಗಳಿಗೆ ಬೆಳಗಿನ ಹೊತ್ತು ಕೊಡಿ. ಬೈಕಿಗೆ ಕಡಿಮೆ ದರ ಇರಲಿ, ಆದರೆ ಫುಟ್‌ಪಾತ್ ಮೇಲೆ ಹತ್ತಿಸಿದರೆ ದಂಡ ಹಾಕಿ.

ಇನ್ನು ಮನೆಗಳಿರುವ ಬೀದಿ. ಇದು ಅಂಗಡಿ ಬೀದಿಗಿಂತ ಕಷ್ಟ, ಯಾಕೆಂದರೆ ಇಲ್ಲಿ ಜಗಳ ನೆರೆಹೊರೆಯವರ ನಡುವೆ. ಗೇಟಿಗೆ 'ಇಲ್ಲಿ ಗಾಡಿ ನಿಲ್ಲಿಸಿದರೆ ಗಾಳಿ ಬಿಡಲಾಗುವುದು' ಅಂತ ಬೋರ್ಡು. ರಸ್ತೆಯಲ್ಲಿ ಹೂಕುಂಡ, ಹಳೇ ಟೈರು, ಸಿಮೆಂಟ್ ತುಂಬಿದ ಡಬ್ಬ ಇಟ್ಟು ಜಾಗ ಹಿಡಿಯುವುದು. ಇಪ್ಪತ್ತು ವರ್ಷ ಒಂದೇ ಬೀದಿಯಲ್ಲಿ ಇದ್ದವರು ಒಂದು ಕಾರಿನ ವಿಷಯಕ್ಕೆ ಮಾತು ಬಿಟ್ಟಿರುವುದನ್ನು ನಾನು ನೋಡಿದ್ದೇನೆ. ಜಪಾನಿನಲ್ಲಿ 1962ರಿಂದಲೇ ಒಂದು ಕಾನೂನಿದೆ. ಕಾರು ತಗೊಳ್ಳಬೇಕಾದರೆ ಅದನ್ನು ಇಡಲು ರಸ್ತೆಯ ಹೊರಗೆ ಸ್ವಂತ ಅಥವಾ ಬಾಡಿಗೆ ಜಾಗ ಇದೆ ಅಂತ ತೋರಿಸಬೇಕು. ಟೋಕಿಯೋದ ಸಣ್ಣ ಬೀದಿಗಳು ಖಾಲಿ ಇರುವುದಕ್ಕೆ ಅದೇ ಕಾರಣ. ಅಷ್ಟು ದೂರ ಯಾಕೆ, ನಮ್ಮದೇ ಮಿಜೋರಾಂನ ಐಜಾಲ್‌ನಲ್ಲಿ ಗಾಡಿ ನೋಂದಣಿಗೆ ಗ್ಯಾರೇಜ್ ಇರುವುದನ್ನು ತೋರಿಸಬೇಕು ಎನ್ನುವ ನಿಯಮವಿದೆ. ಕರ್ನಾಟಕದಲ್ಲೂ ಈ ಮಾತು ಆಗಾಗ ಬರುತ್ತದೆ, ಹೋಗುತ್ತದೆ.

ಹೊಸ ಗಾಡಿಗಳಿಗೆ ಈ ನಿಯಮ ತನ್ನಿ ಅಂತ ನಾನು ಕೇಳುತ್ತೇನೆ. ಈಗಾಗಲೇ ಇರುವವರಿಗೆ, ನನ್ನಂಥವರಿಗೆ, ಪರ್ಮಿಟ್ ಕೊಡಿ. ಆದರೆ ಬೀದಿಯಲ್ಲಿ ಇರುವ ಜಾಗಕ್ಕಿಂತ ಜಾಸ್ತಿ ಪರ್ಮಿಟ್ ಕೊಡಬೇಡಿ. ಮೊದಲು ಆಂಬುಲೆನ್ಸ್, ಅಗ್ನಿಶಾಮಕದ ಗಾಡಿ ಬರುವಷ್ಟು ದಾರಿ ಬಿಟ್ಟು, ತಿರುವುಗಳನ್ನು ಖಾಲಿ ಬಿಟ್ಟು, ಫುಟ್‌ಪಾತ್ ಬಿಟ್ಟು, ಉಳಿದ ಜಾಗಕ್ಕೆ ಬಣ್ಣದಲ್ಲಿ ಗೆರೆ ಹಾಕಿ. ನಮ್ಮ ಕ್ರಾಸ್‌ನಲ್ಲಿ ಹಾಗೆ ಹಾಕಿದರೆ ಒಂದು ಬದಿಗೆ ಮಾತ್ರ ನಿಲ್ಲಿಸಬಹುದು. ಇವತ್ತು ನಿಲ್ಲುವ ಕಾರುಗಳಲ್ಲಿ ಅರ್ಧಕ್ಕೆ ಜಾಗ ಇರುವುದಿಲ್ಲ. ಒಂದೇ ಮನೆಯ ಮೂರನೇ ಕಾರಿಗೆ ಮೊದಲನೆಯದಕ್ಕಿಂತ ಹೆಚ್ಚು ದರ ಇರಲಿ. ಪಾರ್ಕಿಂಗ್ ಅಂತ ನಕ್ಷೆಯಲ್ಲಿ ತೋರಿಸಿ ಆಮೇಲೆ ಗೋಡೌನ್, ಅಂಗಡಿ ಮಾಡಿಕೊಂಡ ಬೇಸ್‌ಮೆಂಟುಗಳನ್ನು ತೆರೆಸಿ. ಮಲ್ಲೇಶ್ವರದಲ್ಲೇ ಎಷ್ಟಿವೆ ಅಂತ ನಿಮ್ಮ ಎಂಜಿನಿಯರುಗಳಿಗೆ ಗೊತ್ತು. ಮೆಟ್ರೋ ಸ್ಟೇಷನ್ ಪಕ್ಕದಲ್ಲಿ ಕಟ್ಟುವ ಕಟ್ಟಡಗಳಿಗೆ ಇಷ್ಟು ಪಾರ್ಕಿಂಗ್ ಇರಲೇಬೇಕು ಎನ್ನುವ ನಿಯಮವನ್ನೂ ಬದಲಿಸಿ. ಮೆಕ್ಸಿಕೋ ನಗರ 2017ರಲ್ಲಿ ಅದನ್ನು ತಿರುಗಿಸಿ, ಇದಕ್ಕಿಂತ ಜಾಸ್ತಿ ಕಟ್ಟಬಾರದು ಎಂದು ಮಾಡಿತು.

ಟೋಯಿಂಗ್ ಬಗ್ಗೆ ಜನರಿಗೆ ಸಿಟ್ಟಿದೆ. ಗಾಡಿ ಎಳೆದುಕೊಂಡು ಹೋಗುವ ರೀತಿಯ ಮೇಲೆ ದೂರು ಜಾಸ್ತಿಯಾಗಿ 2022ರಲ್ಲಿ ಅದನ್ನು ನಿಲ್ಲಿಸಿದ್ದರು. ಎಲ್ಲಿ ನಿಲ್ಲಿಸಬಹುದು ಅಂತ ಸರಿಯಾಗಿ ಗೆರೆಯೇ ಇಲ್ಲದ ಬೀದಿಯಲ್ಲಿ ಟೋಯಿಂಗ್ ಮಾಡಿದರೆ ಅನ್ಯಾಯ ಅನ್ನಿಸುವುದು ಸಹಜ. ಗೆರೆ, ದರ, ಬೋರ್ಡ್ ಎಲ್ಲ ಸ್ಪಷ್ಟವಾಗಿದ್ದರೆ ದಂಡ ಹಾಕಿದಾಗ ಜನ ಒಪ್ಪುತ್ತಾರೆ. ಬಸ್‌ಸ್ಟಾಪಿನಲ್ಲಿ ನಿಲ್ಲಿಸಿದ ಗಾಡಿಗೆ ಮಾತ್ರ ಒಂದು ನಿಮಿಷವೂ ಮಾಫಿ ಬೇಡ. 'ಒಂದೇ ನಿಮಿಷ, ಬಂದೆ' ಅಂತ ಇಂಡಿಕೇಟರ್ ಹಾಕಿ ಇಳಿಯುವ ಅಭ್ಯಾಸ ನಮಗೆಲ್ಲ ಇದೆ. ಆ ಒಂದು ನಿಮಿಷಕ್ಕೇ ಬಸ್ಸು ನಡು ರಸ್ತೆಯಲ್ಲಿ ನಿಲ್ಲುವುದು.

2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಊರನ್ನು ಯಾಕೆ ಒಡೆದರು ಅಂತ ಬಹಳ ಚರ್ಚೆಯಾಯಿತು. ನಾನು ಆ ಚರ್ಚೆಗೆ ಹೋಗುವುದಿಲ್ಲ. ಈಗ ಆಯುಕ್ತರು ನಮ್ಮ ಬೀದಿಗೆ ಸ್ವಲ್ಪ ಹತ್ತಿರವಾಗಿದ್ದಾರೆ ಅನ್ನುವುದು ನನಗೆ ಮುಖ್ಯ. ಐದೂ ಪಾಲಿಕೆಗಳು ಒಂದೊಂದು ಪೇಟೆಯನ್ನು ಆರಿಸಿಕೊಳ್ಳಲಿ. ಪಶ್ಚಿಮ ನಗರ ಪಾಲಿಕೆಗೆ ನನ್ನ ಮನವಿ, ಮಲ್ಲೇಶ್ವರದಿಂದ ಶುರು ಮಾಡಿ. ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ, ಅವೆರಡರ ನಡುವಿನ ಕ್ರಾಸ್‌ಗಳು, ಎಲ್ಲವನ್ನೂ ಒಟ್ಟಿಗೆ ತಗೊಳ್ಳಿ. ಶುರು ಮಾಡುವ ಮೊದಲು ಒಂದು ತಿಂಗಳು ಗಾಡಿ ಎಣಿಸಿ, ಬಸ್ಸು ಎಷ್ಟು ಹೊತ್ತು ತಗೊಳ್ಳುತ್ತದೆ ಅಂತ ಅಳೆಯಿರಿ. ಆರು ತಿಂಗಳಾದ ಮೇಲೆ ಮತ್ತೆ ಅಳೆದು ಎರಡನ್ನೂ ಜನರ ಮುಂದಿಡಿ. ಎಣಿಸುವುದಕ್ಕೆ ಜನ ಬೇಕಾದರೆ ನಾನು ಬರುತ್ತೇನೆ. ನಮ್ಮ ಬೀದಿಯ ಕಾಲೇಜು ಹುಡುಗರು ಐದಾರು ಜನ ಬರುತ್ತೇವೆ ಅಂದಿದ್ದಾರೆ. ಚಿಕ್ಕಪ್ಪ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಡುತ್ತಾರಂತೆ.

ನಾನು ಈ ವಾರ ಮೂರು ಬೀದಿ ಆಚೆ ಒಂದು ಕಡೆ ತಿಂಗಳ ಬಾಡಿಗೆಗೆ ಜಾಗ ವಿಚಾರಿಸಿದ್ದೇನೆ. ಸಿಕ್ಕರೆ ಕಾರು ಅಲ್ಲಿಗೆ ಹೋಗುತ್ತದೆ. ಸಿಗದಿದ್ದರೆ, ನೀವು ಪರ್ಮಿಟ್ ಕೊಡುವ ದಿನ ನಮ್ಮ ಕ್ರಾಸ್‌ನ ಮೊದಲ ಅರ್ಜಿ ನನ್ನದೇ. ಆ ದಿನ ಬಿಳಿ ಬಣ್ಣದ ಗೆರೆ ಹಾಕುವವರು ಬಂದರೆ, ದಯವಿಟ್ಟು ತಾತನ ಮನೆ ಮುಂದಿನ ತಿರುವಿನಿಂದಲೇ ಶುರು ಮಾಡಲು ಹೇಳಿ.

ಇಂತಿ,
ಮಲ್ಲೇಶ್ವರದ ಒಬ್ಬ ನಿವಾಸಿ